ಉಣ್ಣೆಯ ವಾಶ್ ಮಿಟ್: ಒಗೆಯುವುದು, ಒಣಗಿಸುವುದು, ಮಳೆಗಾಲ ದಾಟಿಸುವುದು

ನಮ್ಮ ಕರಾವಳಿಯಲ್ಲಿ ಉಣ್ಣೆಯ ವಾಶ್ ಮಿಟ್, ಅಂದರೆ ಕಾರು ತೊಳೆಯಲು ಕೈಗೆ ಹಾಕಿಕೊಳ್ಳುವ ಉಣ್ಣೆಯ ಗವಸು, ಹಾಳಾಗುವುದು ಹೆಚ್ಚಾಗಿ ಕಾರು ತೊಳೆದಾದ ಮೇಲೆ. ಕಾರು ಫಳಫಳ ಹೊಳೆಯುತ್ತಿರುತ್ತದೆ. ಮಿಟ್ಟನ್ನು ಒಮ್ಮೆ ನಲ್ಲಿ ಕೆಳಗೆ ಹಿಡಿದು, ಹಿಂಡಿ, ಬಚ್ಚಲಿನ ಮೊಳೆಗೆ ಸಿಕ್ಕಿಸಿ ಒಳಗೆ ಹೋಗುತ್ತೇವೆ. ಮುಂದಿನ ವಾರ ಕೈ ಹಾಕಿದರೆ ಮುಗ್ಗಲು ವಾಸನೆ. ಇನ್ನೊಂದು ತಿಂಗಳಿಗೆ ಒಳಗಿನ ಚರ್ಮ ಗಟ್ಟಿ. ಆಮೇಲೆ ‘ಉಣ್ಣೆ ನಮ್ಮ ಹವೆಗೆ ಆಗೋದಿಲ್ಲ’ ಎಂದು ತೀರ್ಪು ಕೊಟ್ಟು ಮೈಕ್ರೋಫೈಬರ್ ತರುತ್ತೇವೆ.

ಉಣ್ಣೆ ನಮ್ಮ ಹವೆಗೂ ಆಗುತ್ತದೆ. ಆದರೆ ಪ್ಯಾಕೆಟ್ ಮೇಲಿರುವ ‘ತೊಳೆದು ಗಾಳಿಗೆ ಒಣಗಿಸಿ’ ಎಂಬ ಸೂಚನೆಯನ್ನು ಕಾರವಾರದ ಜುಲೈ ತಿಂಗಳು ನೋಡಿದವರು ಬರೆದಿಲ್ಲ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ದಿನಗಳಲ್ಲಿ ಗಾಳಿಯೇ ಒದ್ದೆ. ಹಾಗಾಗಿ ಈ ಬರಹದಲ್ಲಿ ಒಗೆಯುವುದಕ್ಕಿಂತ ಒಣಗಿಸುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ನಿಮ್ಮ ಮಿಟ್ ಯಾವುದೆಂದು ನೋಡಿ

‘ಲ್ಯಾಂಬ್ಸ್‌ವೂಲ್’ ಎಂದು ಮಾರುವುದೆಲ್ಲ ಉಣ್ಣೆಯಲ್ಲ. ಬೆರಳಿನಿಂದ ಕೂದಲನ್ನು ಬಿಡಿಸಿ ಬುಡ ನೋಡಿ. ಕೂದಲು ತೊಗಲಿನಿಂದಲೇ ಹುಟ್ಟಿ ಬಂದಿದ್ದರೆ ಅದು ಕುರಿ ಚರ್ಮದ ಮಿಟ್. ಹದ ಮಾಡಿದ ಚರ್ಮದ ಮೇಲೆ ಉಣ್ಣೆ ಹಾಗೆಯೇ ಉಳಿದಿರುತ್ತದೆ. ಬುಡದಲ್ಲಿ ಹೆಣೆದ ಬಟ್ಟೆ ಕಂಡರೆ ಅದು ಎರಡನೇ ಬಗೆ. ಪಾಲಿಯೆಸ್ಟರ್ ಬಟ್ಟೆಗೆ ಉಣ್ಣೆಯ ಎಳೆಗಳನ್ನು ಕೂರಿಸಿ ಮಾಡಿದ್ದು. ಮೂರನೆಯದು ನೋಡಲು ಉಣ್ಣೆಯ ಹಾಗೇ ಇದ್ದರೂ ಪೂರ್ತಿ ಸಿಂಥೆಟಿಕ್.

ಅನುಮಾನವಿದ್ದರೆ ಅಂಚಿನಿಂದ ನಾಲ್ಕು ಎಳೆ ಕತ್ತರಿಸಿ. ಚಿಮುಟದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿಕಡ್ಡಿ ತೋರಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕಪ್ಪು ಬೂದಿ ಉಳಿದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್.

ಸಿಂಥೆಟಿಕ್ ಆಗಿದ್ದರೆ ಇಷ್ಟೆಲ್ಲ ಉಪಚಾರ ಬೇಕಾಗಿಲ್ಲ. ಬಿಸಿನೀರು, ಇಸ್ತ್ರಿ, ಫ್ಯಾಬ್ರಿಕ್ ಸಾಫ್ಟನರ್ ದೂರ ಇಡಿ, ಸಾಕು. ಬಟ್ಟೆ ಬೆನ್ನಿನ ಉಣ್ಣೆ ಮಿಟ್ ಮಧ್ಯಮ. ಚರ್ಮದ ಬೆನ್ನಿನದು ಎಲ್ಲಕ್ಕಿಂತ ಮೆತ್ತಗೆ, ಎಲ್ಲಕ್ಕಿಂತ ಸೂಕ್ಷ್ಮ, ಒಣಗಲು ಎಲ್ಲಕ್ಕಿಂತ ನಿಧಾನ. ಕರಾವಳಿಯಲ್ಲಿ ಇದ್ದುಕೊಂಡು ಹೊಸದಾಗಿ ಕೊಳ್ಳುವುದಾದರೆ ಬಟ್ಟೆ ಬೆನ್ನಿನದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಚರ್ಮದ್ದು ಶಿರಸಿ, ಯಲ್ಲಾಪುರದವರಿಗೆ ಸ್ವಲ್ಪ ಸುಲಭ, ಅದೂ ಮಳೆ ಹೋದ ಮೇಲೆ.

ಉಣ್ಣೆಗೆ ಏನು ಆಗದು, ಯಾಕೆ

ಉಣ್ಣೆ ಎಂದರೆ ಕೆರಾಟಿನ್, ನಮ್ಮ ತಲೆಗೂದಲಿನಲ್ಲಿ ಇರುವ ಪ್ರೋಟೀನೇ. ಪ್ರತಿ ಎಳೆಯ ಮೇಲೂ ಹೆಂಚು ಹೊದಿಸಿದಂತೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಒಂದರ ಹುರುಪೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಬಿಡುವುದಿಲ್ಲ. ಮೆತ್ತಗಿನ ರಾಶಿ ಗಟ್ಟಿ ಚಾಪೆಯಾಗುತ್ತದೆ. ಸ್ವೆಟರ್ ಒಗೆದಾಗ ಕುಗ್ಗುವುದು ಇದೇ ಕಾರಣಕ್ಕೆ. ಹೀಗೆ ಚಾಪೆಯಾದ ಉಣ್ಣೆಯನ್ನು ಮೊದಲಿನಂತೆ ಮಾಡುವ ಉಪಾಯ ಯಾವುದೂ ಇಲ್ಲ.

ಎರಡನೆಯದು ಕ್ಷಾರ. ಬಟ್ಟೆ ಒಗೆಯುವ ಪುಡಿ, ಬಾರ್ ಸೋಪು, ವಾಷಿಂಗ್ ಸೋಡಾ ಎಲ್ಲವೂ ಕ್ಷಾರೀಯ. ಹತ್ತಿ ಬಟ್ಟೆಗೆ ಅದು ಒಳ್ಳೆಯದೇ, ಉಣ್ಣೆಯನ್ನು ಮಾತ್ರ ಒರಟು ಮಾಡುತ್ತದೆ. ‘ಕಲೆ ತೆಗೆಯುತ್ತದೆ’ ಎಂದು ಜಾಹೀರಾತು ಬರುವ ಪುಡಿಗಳಲ್ಲಿ ಇನ್ನೊಂದು ಅಪಾಯ ಇದೆ. ಅವುಗಳಲ್ಲಿ ಪ್ರೋಟೀನ್ ಕರಗಿಸುವ ಎಂಜೈಮ್ ಇರುತ್ತದೆ. ರಕ್ತ, ಹಾಲು, ಮೊಟ್ಟೆಯ ಕಲೆಗೆಂದು ಹಾಕಿದ್ದು. ಉಣ್ಣೆಯೂ ಪ್ರೋಟೀನೇ ಅಲ್ವಾ, ಅದನ್ನೂ ಕಲೆ ಎಂದೇ ತಿಳಿದು ತಿನ್ನುತ್ತದೆ. ಬ್ಲೀಚಿಂಗ್ ದ್ರವದ ಮಾತೇ ಬೇಡ, ಅದರಲ್ಲಿ ಉಣ್ಣೆ ಕರಗಿಯೇ ಹೋಗುತ್ತದೆ.

ಮೂರನೆಯದು ನಮ್ಮ ಊರಿಗೆ ಮುಖ್ಯ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವವನ್ನು ಎಳೆಯ ಒಳಗೇ ಹಿಡಿದಿಡಬಲ್ಲದು. ಅಷ್ಟಾದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ಗದ್ದೆ ಕೆಲಸ ಮಾಡುತ್ತಿದ್ದ ಹಿರಿಯರಿಗೆ ಈ ಗುಣವೇ ವರವಾಗಿತ್ತು. ಮಿಟ್ಟಿಗೆ ಅದೇ ಶಾಪ. ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಉಳಿದಿರುತ್ತದೆ. ಅದನ್ನು ನಂಬಿ ಡಬ್ಬಿಗೆ ಹಾಕಿದರೆ ಬೂಷ್ಟು ಗ್ಯಾರಂಟಿ.

ಹೊಸ ಮಿಟ್ ತಂದಾಗ

ನೇರವಾಗಿ ಕಾರಿಗೆ ಹಾಕಬೇಡಿ. ಒಂದು ಬಕೆಟ್ ತಣ್ಣೀರಿನಲ್ಲಿ ಅದ್ದಿ, ಮೆಲ್ಲಗೆ ಅಮುಕಿ, ನೀರು ಬದಲಿಸಿ ಇನ್ನೊಮ್ಮೆ. ಕತ್ತರಿಸುವಾಗ ಉಳಿದ ತುಂಡು ಎಳೆಗಳು ಬಿಟ್ಟುಹೋಗುತ್ತವೆ. ಮೊದಲ ಕೆಲವು ಸಲ ಕೂದಲು ಉದುರುವುದು ಸಹಜ. ತಿಂಗಳುಗಟ್ಟಲೆ ಉದುರುತ್ತಲೇ ಇದ್ದರೆ ಮಾಲೇ ಕಳಪೆ.

ಇನ್ನೊಂದು ಕೆಲಸ. ಹೊಸದರಲ್ಲಿ, ಒಣಗಿರುವಾಗಲೇ ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು ಎಷ್ಟು ಗ್ರಾಂ ಎಂದು ಬರೆದಿಟ್ಟುಕೊಳ್ಳಿ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ಕಾರು ತೊಳೆಯುವಾಗಲೇ ಅರ್ಧ ಕೆಲಸ

ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ (ಕ್ಲಿಯರ್ ಕೋಟ್) ಸುಮಾರು 40–50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ನಮ್ಮ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಇರುವ ಕ್ವಾರ್ಟ್ಜ್ ಗಟ್ಟಿತನದ ಮೋಸ್ ಅಳತೆಯಲ್ಲಿ 7. ಗಾಜಿನ ಮೇಲೂ ಗೀರು ಹಾಕುವಷ್ಟು ಗಟ್ಟಿ. ಉಣ್ಣೆ ಮಿಟ್ಟಿನ ಉಪಕಾರ ಏನೆಂದರೆ, ಉದ್ದ ಎಳೆಗಳ ನಡುವೆ ಕಣಗಳು ಮೇಲಕ್ಕೆ ಸರಿದು ಬಣ್ಣದಿಂದ ದೂರ ಹೋಗುತ್ತವೆ. ಆದರೆ ಸರಿದದ್ದು ಅಲ್ಲೇ ಕೂತಿರುತ್ತದೆ. ತೆಗೆಯದಿದ್ದರೆ ಮುಂದಿನ ಸಲ ಅದೇ ಮಿಟ್ ಮರಳು ಕಾಗದವಾಗುತ್ತದೆ.

ಹಾಗಾಗಿ ಮಿಟ್ ಮುಟ್ಟುವ ಮೊದಲೇ ಪೈಪಿನಿಂದ ಕಾರಿಗೆ ಚೆನ್ನಾಗಿ ನೀರು ಹೊಡೆಯಿರಿ. ಮಾಜಾಳಿ, ದೇವಬಾಗ, ಗೋಕರ್ಣದ ಕಡಲ ಬದಿಯಲ್ಲಿ ನಿಲ್ಲಿಸಿ ಬಂದ ಕಾರಿಗೆ ಇದು ಕಡ್ಡಾಯ. ದೇವಿಮನೆ ಘಟ್ಟ ಹತ್ತಿ ಇಳಿದ ಕಾರಿನ ಕೆಳಭಾಗದಲ್ಲಿ ಕೆಂಪು ಮಣ್ಣು ಹಿಟ್ಟು ಹಚ್ಚಿದಷ್ಟು ದಪ್ಪ ಇರುತ್ತದೆ, ಅದನ್ನೂ ನೀರಲ್ಲೇ ಇಳಿಸಿ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಸಿಕ್ಕಿಕೊಂಡಿದ್ದರಂತೂ ಉಪ್ಪು, ಮೀನಿನ ನೀರು ಎರಡೂ ಮುಂಭಾಗಕ್ಕೆ ಸಿಡಿದಿರುತ್ತದೆ. ಅದು ಉಣ್ಣೆಗೆ ಹತ್ತಿತೆಂದರೆ ಬೆಕ್ಕು ಮಿಟ್ಟನ್ನು ಬಿಡುವುದಿಲ್ಲ.

ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒಂದು ಬಾಗಿಲು ಉಜ್ಜಿದ ಮೇಲೆ ಮಿಟ್ಟನ್ನು ಬರೀ ನೀರಲ್ಲಿ ಜಾಲಾಡಿ, ಆಮೇಲೆ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರಕ್ಕೆ ಈ ಮಿಟ್ ಬೇಡವೇ ಬೇಡ. ಬ್ರೇಕಿನಿಂದ ಬರುವ ಕಬ್ಬಿಣದ ಪುಡಿ ಉಣ್ಣೆಯ ಬುಡಕ್ಕೆ ಇಳಿದರೆ ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ.

ಮಿಟ್ ನೆಲಕ್ಕೆ ಬಿದ್ದರೆ? ಸಿಮೆಂಟ್ ಅಂಗಳವಾದರೆ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದು ಮುಂದುವರಿಸಬಹುದು. ಹೊಯ್ಗೆ ಅಂಗಳವಾದರೆ ಆ ದಿನದ ಮಟ್ಟಿಗೆ ಅದನ್ನು ಬದಿಗಿಡಿ. ಒಣಗಿಸಿ ಕೊಡವದೆ ಹೊಯ್ಗೆ ಬಿಡುವುದಿಲ್ಲ.

ಆಯುಧ ಪೂಜೆಯ ಮರುದಿನ ಒಂದು ವಿಶೇಷ ಎಚ್ಚರಿಕೆ. ಬಾನೆಟ್ ಮೇಲಿನ ಅರಿಶಿನ, ಕುಂಕುಮವನ್ನು ಹಳೇ ಬಟ್ಟೆಯಿಂದ ಒರೆಸಿದ ನಂತರವೇ ಮಿಟ್ ಹಿಡಿಯಿರಿ. ಬಿಳಿ ಉಣ್ಣೆ ಅರಿಶಿನದ ಬಣ್ಣವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹತ್ತಿದರೆ ಬಾರ್ ಸೋಪು ಹಚ್ಚಬೇಡಿ, ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ತೊಳೆದು, ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಹಿಡಿದರೆ ಅದು ತಾನಾಗಿ ಮಾಸುತ್ತದೆ.

ಯಾವುದರಿಂದ ಒಗೆಯುವುದು

ಮೊದಲ ಆಯ್ಕೆ ನೀವು ಕಾರಿಗೆ ಬಳಸುವ ಶಾಂಪೂವೇ, ಅದು ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಆಗಿದ್ದರೆ. ‘ವಾಶ್ ಆ್ಯಂಡ್ ವ್ಯಾಕ್ಸ್’ ಬೇಡ, ವ್ಯಾಕ್ಸ್ ಉಣ್ಣೆಯಲ್ಲೇ ಕೂರುತ್ತದೆ. ಎರಡನೆಯದು ಈಝೀ ಥರದ ಉಣ್ಣೆ ಬಟ್ಟೆಯ ದ್ರವ. ಐದು ಲೀಟರ್ ನೀರಿಗೆ ಒಂದು ಮುಚ್ಚಳ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಆಗುವುದಿಲ್ಲ, ಜಾಸ್ತಿ ಜಾಲಾಡಬೇಕಾಗುತ್ತದೆ ಅಷ್ಟೇ.

ಮೂರನೆಯದು ನಮ್ಮಲ್ಲೇ ಸಿಗುವ ಅಂಟುವಾಳ. ರೇಷ್ಮೆ ಸೀರೆಗೆ ಅದನ್ನು ಬಳಸುತ್ತಿದ್ದ ಅಜ್ಜಿಯರ ಲೆಕ್ಕ ಸರಿಯಾಗಿಯೇ ಇತ್ತು. ರೇಷ್ಮೆಯೂ ಪ್ರೋಟೀನ್ ಎಳೆ, ಅಂಟುವಾಳದ ನೊರೆ ಕ್ಷಾರೀಯವಲ್ಲ. ಬೀಜ ತೆಗೆದ ಎಂಟು ಹತ್ತು ಸಿಪ್ಪೆಯನ್ನು ಅರ್ಧ ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಚೆನ್ನಾಗಿ ಕಿವುಚಿ, ತೆಳು ಪಂಚೆಯಲ್ಲಿ ಎರಡು ಸಲ ಸೋಸಿ. ಸಿಪ್ಪೆಯ ಚೂರು ಉಣ್ಣೆಗೆ ಸೇರಿದರೆ ಕಾರಿಗೆ ಗೀರು ಬೀಳಬಹುದು, ಅದಕ್ಕೇ ಎರಡು ಸಲ. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಉರಿ ಜೋರು. ಬಿಳಿ ಮಿಟ್ ಸ್ವಲ್ಪ ಹಳದಿಯಾಗಿ ಕಾಣಬಹುದು, ಕೆಲಸಕ್ಕೆ ತೊಂದರೆ ಇಲ್ಲ.

ಪಾತ್ರೆ ತೊಳೆಯುವ ದ್ರವ ವ್ಯಾಕ್ಸ್ ಅಥವಾ ಎಣ್ಣೆ ಹತ್ತಿದ ಜಾಗಕ್ಕೆ ಎರಡು ಹನಿ, ಅಷ್ಟೇ. ದಿನಾ ಬಳಸಿದರೆ ಉಣ್ಣೆಯಲ್ಲಿ ಉಳಿದಿರುವ ಲ್ಯಾನೊಲಿನ್ ಜಿಡ್ಡು ಹೋಗಿ ಎಳೆ ಒರಟಾಗುತ್ತದೆ. ಫ್ಯಾಬ್ರಿಕ್ ಸಾಫ್ಟನರ್ ಕೈಗೆ ಮೆತ್ತಗೆ ಅನಿಸಿದರೂ ಎಳೆಯ ಮೇಲೆ ಒಂದು ಪದರ ಬಿಡುತ್ತದೆ. ಆಮೇಲೆ ಮಿಟ್ ಶಾಂಪೂ ನೀರನ್ನೇ ಸರಿಯಾಗಿ ಹೀರುವುದಿಲ್ಲ.

ನೀರಿನ ಬಗ್ಗೆ ಒಂದು ಮಾತು. ಚಿರೆಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ಮೆದು, ಒಗೆಯಲು ಬಹಳ ಒಳ್ಳೆಯದು. ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬದಿಯ, ಹೊಳೆ ಬಾಯಿಯ ಬಾವಿಗಳು ಮಾರ್ಚ್ ನಂತರ ಉಪ್ಪಾಗುತ್ತವೆ. ಆ ನೀರಲ್ಲಿ ಜಾಲಾಡಿದ ಉಣ್ಣೆ ಒಣಗುವುದೇ ಇಲ್ಲ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದನ್ನು ನೋಡಿದ್ದೀರಲ್ಲ, ಉಣ್ಣೆಯಲ್ಲಿ ಉಳಿದ ಉಪ್ಪೂ ಹಾಗೇ ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಕೊನೆಯ ನೀರಾದರೂ ಸಿಹಿನೀರಾಗಲಿ, ಎರಡು ತಂಬಿಗೆಯಾದರೂ ಸರಿ.

ಒಗೆಯುವ ಕ್ರಮ

ಪ್ರತಿ ಸಲ ಕಾರು ತೊಳೆದ ಮೇಲೆ ಬರೀ ನೀರಲ್ಲಿ ಜಾಲಾಡಿ ಒಣಗಿಸುವುದು ಸಾಕು. ಶಾಂಪೂ ಹಾಕಿ ಪೂರ್ತಿ ಒಗೆಯುವುದು ನಾಲ್ಕೈದು ಸಲಕ್ಕೊಮ್ಮೆ, ಅಥವಾ ನೀರು ಕೆಂಪಗೆ ಬರುತ್ತಿದ್ದರೆ.

1. ಮಣ್ಣು ಅಥವಾ ಹೊಯ್ಗೆ ಜಾಸ್ತಿ ಇದ್ದರೆ ಮಿಟ್ಟನ್ನು ಮೊದಲು ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ತಲೆಕೆಳಗೆ ಹಿಡಿದು ಕೊಡವಿ, ಬೆನ್ನಿನ ಕಡೆಯಿಂದ ಕೈಯಲ್ಲಿ ತಟ್ಟಿ. ಒದ್ದೆಯಲ್ಲಿ ಅಂಟಿಕೊಳ್ಳುವ ಕಣ ಒಣಗಿದಾಗ ಸುಲಭವಾಗಿ ಉದುರುತ್ತದೆ. ಈ ಹೆಜ್ಜೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ.

2. ಬಕೆಟ್ಟಿಗೆ ಬಾವಿ ನೀರು ಅಥವಾ ನಲ್ಲಿ ನೀರು ತುಂಬಿ. ಗೀಸರ್ ಬೇಡ, ಬಚ್ಚಲ ಹಂಡೆಯ ನೀರೂ ಬೇಡ. 30 ಡಿಗ್ರಿ ದಾಟಬಾರದು. ಏಪ್ರಿಲ್, ಮೇಯಲ್ಲಿ ತಾರಸಿ ಟ್ಯಾಂಕಿನ ನೀರು ಮಧ್ಯಾಹ್ನ ಸುಡುತ್ತಿರುತ್ತದೆ, ಬೆಳಿಗ್ಗೆಯೇ ಒಗೆದುಬಿಡಿ.

3. ದ್ರವ ಹಾಕಿ ಕಲಕಿ, ಮಿಟ್ಟನ್ನು ಅದ್ದಿ ಹತ್ತು ನಿಮಿಷ ಬಿಡಿ. ಚರ್ಮದ ಮಿಟ್ಟಿಗೆ ಐದು ನಿಮಿಷ ಸಾಕು. ಗಂಟೆಗಟ್ಟಲೆ ನೆನೆಹಾಕಿದರೆ ಚರ್ಮ ಹದಗೆಡುತ್ತದೆ, ಹೊಲಿಗೆ ಸಡಿಲವಾಗುತ್ತದೆ.

4. ನೀರಿನೊಳಗೇ ಅಮುಕಿ, ಬಿಡಿ, ಅಮುಕಿ, ಬಿಡಿ. ತಿಕ್ಕಬೇಡಿ. ಒಗೆಯುವ ಕಲ್ಲಿನ ಹತ್ತಿರ ಕೂಡ ಹೋಗಬೇಡಿ. ಬೆರಳುಗಳನ್ನು ಬಾಚಣಿಗೆಯ ಹಾಗೆ ಬುಡದಿಂದ ತುದಿಗೆ ಎಳೆದು ಒಳಗಿನ ಕಣ ಹೊರಗೆ ತನ್ನಿ.

5. ಕೈ ಹಾಕುವ ಒಳಭಾಗವನ್ನು ಮರೆಯಬೇಡಿ. ಬೆವರು ಅಲ್ಲೇ ಇರುವುದು, ವಾಸನೆ ಶುರುವಾಗುವುದೂ ಅಲ್ಲಿಂದಲೇ. ಬಟ್ಟೆ ಬೆನ್ನಿನದಾದರೆ ಒಳಹೊರಗು ಮಾಡಿ. ಚರ್ಮದ್ದನ್ನು ಬಲವಂತ ಮಾಡದೆ ಒಳಗೆ ನೀರು ತುಂಬಿ ಕುಲುಕಿ ಚೆಲ್ಲಿ.

6. ನೀರು ತಿಳಿಯಾಗುವವರೆಗೆ ಬದಲಿಸುತ್ತಾ ಜಾಲಾಡಿ. ಬಕೆಟ್ ಎರಡು ನಿಮಿಷ ಅಲುಗಿಸದೆ ಇಟ್ಟು ತಳ ನೋಡಿ. ತಳದಲ್ಲಿ ಹೊಯ್ಗೆ ಕಂಡರೆ ಇನ್ನೂ ಒಂದು ಸುತ್ತು. ನೊರೆಗಿಂತ ಈ ತಳದ ಪರೀಕ್ಷೆಯೇ ಮುಖ್ಯ.

7. ಕೊನೆಯ ನೀರಿಗೆ, ಐದು ಲೀಟರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಬಹುದು. ಉಳಿದ ಕ್ಷಾರ ಹೋಗಿ ಹುರುಪೆಗಳು ಮಲಗುತ್ತವೆ, ಎಳೆ ನುಣುಪಾಗುತ್ತದೆ. ಪ್ರತಿ ಸಲ ಬೇಕಾಗಿಲ್ಲ.

ವಾಷಿಂಗ್ ಮಷಿನ್ ಕೇಳುವವರಿಗೆ: ಬಟ್ಟೆ ಬೆನ್ನಿನ ಮಿಟ್ಟನ್ನು ಜಾಲರಿ ಚೀಲದಲ್ಲಿ ಹಾಕಿ ‘ವೂಲ್’ ಅಥವಾ ‘ಡೆಲಿಕೇಟ್’ನಲ್ಲಿ ತಣ್ಣೀರಿಗೆ ಹಾಕಬಹುದು. ಒಬ್ಬಂಟಿಯಾಗಿ ಹಾಕಿ, ಜೀನ್ಸ್ ಜೊತೆಗಲ್ಲ. ಚರ್ಮದ್ದನ್ನು ಕೈಯಲ್ಲೇ ಒಗೆಯಿರಿ.

ಒಣಗಿಸುವುದು

ನೀರಿನಿಂದ ಎತ್ತಿದ ತಕ್ಷಣ ತಿರುಚಿ ಹಿಂಡಬೇಡಿ. ಒದ್ದೆ ಉಣ್ಣೆಗೆ ಬಲ ಕಡಿಮೆ, ಒದ್ದೆ ಚರ್ಮ ಎಳೆದ ಕಡೆಗೆ ಹಿಗ್ಗುತ್ತದೆ. ಬೆರಳ ತುದಿಯ ಕಡೆಯಿಂದ ಬಾಯಿಯ ಕಡೆಗೆ ಅಂಗೈಯಲ್ಲಿ ಒತ್ತುತ್ತಾ ಬನ್ನಿ. ಆಮೇಲೆ ದಪ್ಪ ಟವೆಲ್ ಹಾಸಿ, ಮಿಟ್ ಇಟ್ಟು, ಚಾಪೆಯಂತೆ ಸುತ್ತಿ, ಮೇಲೆ ಮೊಣಕಾಲೂರಿ ಅರ್ಧ ನಿಮಿಷ. ಟವೆಲ್ ಬದಲಿಸಿ ಇನ್ನೊಮ್ಮೆ. ಒಳಗೆ ಕೂಡ ಒಂದು ಚಿಕ್ಕ ಬಟ್ಟೆ ತುರುಕಿ ಒತ್ತಿ. ಇಲ್ಲಿ ತೆಗೆದ ನೀರಷ್ಟೂ ಲಾಭ, ಮುಂದಿನ ಕೆಲಸ ಗಾಳಿಯದು, ಅದು ಸೋಮಾರಿ.

ಎರಡು ಸಲ ಜೋರಾಗಿ ಕೊಡವಿ, ಎಳೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಅಂಟಿಕೊಂಡು ಮಲಗಿದ ಉಣ್ಣೆಯ ಬುಡಕ್ಕೆ ಗಾಳಿ ಹೋಗುವುದಿಲ್ಲ.

ಇನ್ನು ಬಾಯಿ ತೆರೆದಿಡುವುದು. ಇಲಾಸ್ಟಿಕ್ ಬಾಯಿ ಮುಚ್ಚಿಕೊಂಡರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಹಳೇ ಪ್ಲಾಸ್ಟಿಕ್ ನೀರಿನ ಬಾಟಲಿಗೆ ಸುತ್ತಲೂ ತೂತು ಮಾಡಿ, ತಳ ಕತ್ತರಿಸಿ, ಅಂಚನ್ನು ಟೇಪಿನಿಂದ ಮುಚ್ಚಿ ಒಳಗೆ ತೂರಿಸಿ. ಬಾಟಲಿಯ ತೆರೆದ ತಳ ಮಿಟ್ಟಿನ ಬಾಯಿಗೆ ಬರಲಿ. ಟೇಬಲ್ ಫ್ಯಾನ್ ಎದುರು, ಬಾಯಿ ಫ್ಯಾನ್ ಕಡೆಗೆ ಮಾಡಿ ಇಡಿ. ನನಗೆ ಗೊತ್ತಿರುವ ಉಪಾಯಗಳಲ್ಲಿ ಕರಾವಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸೀಲಿಂಗ್ ಫ್ಯಾನ್ ಕೆಳಗೆ ಸುಮ್ನೆ ಹರಡಿದರೆ ಹೊರಗಿನ ಉಣ್ಣೆ ಮಾತ್ರ ಒಣಗುತ್ತದೆ.

ಬಿಸಿಲು? ಬರೀ ಉಣ್ಣೆಗೆ ಬೆಳಗಿನ ಬಿಸಿಲು ಅರ್ಧ ಗಂಟೆ ಅಡ್ಡಿಯಿಲ್ಲ, ವಾಸನೆಗೆ ಒಳ್ಳೆಯದೂ ಹೌದು. ನಡುಮಧ್ಯಾಹ್ನದ ಬಿಸಿಲು, ಕಾದ ತಾರಸಿ, ತಗಡಿನ ಮಾಡು, ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಇವು ಚರ್ಮವನ್ನು ಕುಗ್ಗಿಸುತ್ತವೆ. ಜಗಲಿಯ ನೆರಳೇ ಸರಿ. ಕಡಲ ಪಕ್ಕದ ಮನೆಯಾದರೆ ಮಧ್ಯಾಹ್ನದ ಕಡಲ ಗಾಳಿ ಹೊಯ್ಗೆಯನ್ನೂ ಉಪ್ಪನ್ನೂ ಹೊತ್ತು ತರುತ್ತದೆ, ಮನೆಯ ಹಿಂಬದಿಗೆ ಹಾಕಿ.

ಘಟ್ಟದ ಮೇಲಿನವರಿಗೆ ಒಂದು ಮಾತು. ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಮಳೆಗಾಲದ ಬಟ್ಟೆಯೆಲ್ಲ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹೋಗುತ್ತದೆ. ಮಿಟ್ಟನ್ನು ಅಲ್ಲಿಗೆ ಕಳಿಸಬೇಡಿ. ಚರ್ಮ ಗಟ್ಟಿಯಾಗುತ್ತದೆ, ಮಸಿ ಉಣ್ಣೆಗೆ ಇಳಿಯುತ್ತದೆ. ಹೇರ್ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಯಲ್ಲಿ ಮಾತ್ರ. ಏಸಿ ಇರುವ ಕೋಣೆಯಲ್ಲಿ ‘ಡ್ರೈ’ ಮೋಡ್ ಹಾಕಿ ರಾತ್ರಿ ತೂಗಿಬಿಡುವುದು ಅದ್ಭುತ ಉಪಾಯ. ಏಸಿ ಗಾಳಿಯ ತೇವವನ್ನೇ ತೆಗೆಯುತ್ತದೆ.

ಚರ್ಮದ ಮಿಟ್ಟಿಗೆ ಅರ್ಧ ಒಣಗಿದಾಗ ಒಂದು ಕೆಲಸ ಇದೆ. ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ, ಉದ್ದಕ್ಕೆ ಮೆಲ್ಲಗೆ ಎಳೆಯಿರಿ, ಬೆರಳಿನಲ್ಲಿ ಮಡಚಿ ಬಿಡಿಸಿ. ಚರ್ಮದ ನಾರುಗಳು ಒಣಗುತ್ತಾ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಹೊತ್ತಿಗೆ ಅಲುಗಿಸಿದರೆ ಮೆತ್ತಗೆ ಉಳಿಯುತ್ತವೆ. ಪೂರ್ತಿ ಒಣಗಿದ ಮೇಲೆ ಎಳೆದರೆ ಹರಿಯುತ್ತದೆ. ಅದೇ ಹೊತ್ತಿಗೆ ಉಣ್ಣೆಯನ್ನೂ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ತುದಿಯಿಂದ ಶುರುಮಾಡಿ ಬುಡಕ್ಕೆ ಬನ್ನಿ.

ಒಣಗಿತೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಕೈಗೆ ನಂಬಿಕೆ ಇಲ್ಲ ಎಂದೆನಲ್ಲ. ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ಅನಿಸಿದರೆ ಒಳಗೆ ನೀರಿದೆ. ಇನ್ನೂ ನಿಖರವಾಗಿ ಬೇಕಿದ್ದರೆ ಹೊಸದರಲ್ಲಿ ಬರೆದಿಟ್ಟ ತೂಕ ಇದೆಯಲ್ಲ. ಬೇಸಿಗೆಯಲ್ಲಿ ಆ ತೂಕಕ್ಕೆ ಹತ್ತಿರ ಬಂದರೆ ಒಣಗಿದೆ. ಮಳೆಗಾಲದಲ್ಲಿ ಆ ಸಂಖ್ಯೆಗೆ ಅದು ಬರುವುದೇ ಇಲ್ಲ. ಗಾಳಿಯ ತೇವ ಶೇ 65 ಇದ್ದಾಗಲೇ ಉಣ್ಣೆ ತನ್ನ ಒಣ ತೂಕದ ಸುಮಾರು ಶೇ 16ರಷ್ಟು ನೀರು ಹಿಡಿದಿರುತ್ತದೆ. ನಮ್ಮ ಜುಲೈಯಲ್ಲಿ ಇನ್ನೂ ಜಾಸ್ತಿ. ಆಗ ಮೂರು ಗಂಟೆ ಅಂತರದಲ್ಲಿ ಎರಡು ಸಲ ತೂಗಿ. ತೂಕ ಇಳಿಯುವುದು ನಿಂತಿದ್ದರೆ ಆ ದಿನಕ್ಕೆ ಅದು ಒಣಗುವಷ್ಟು ಒಣಗಿದೆ. ಆದರೆ ಡಬ್ಬಿಗೆ ಹಾಕುವಷ್ಟು ಒಣಗಿಲ್ಲ, ಫ್ಯಾನಿನ ಗಾಳಿಗೇ ಇರಲಿ.

ಮಳೆಗಾಲಕ್ಕೆ ಎತ್ತಿಡುವುದು

ನನ್ನ ಅಭಿಪ್ರಾಯ ನೇರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಣ್ಣೆ ಮಿಟ್ ಬಳಸಬೇಡಿ. ಆ ನಾಲ್ಕು ತಿಂಗಳು ಮೈಕ್ರೋಫೈಬರ್ ಮಿಟ್ ಸಾಕು. ಪಾಲಿಯೆಸ್ಟರ್ ಎಳೆ ತೇವವನ್ನು ಒಳಗೆ ಹೀರುವುದಿಲ್ಲ, ಫ್ಯಾನಿನಡಿ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ.

ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಮೇಲೆ ಹೇಳಿದ ಹಾಗೆ ಪೂರ್ತಿ ಒಗೆದು ಎರಡು ಮೂರು ದಿನ ನೆರಳಲ್ಲಿ ಒಣಗಿಸಿ. ಗಟ್ಟಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿಡಿ. ನಡುವೆ ಕುತೂಹಲಕ್ಕೆ ತೆರೆದು ನೋಡಬೇಡಿ, ತೆರೆದಾಗಲೆಲ್ಲ ಒದ್ದೆ ಗಾಳಿ ಒಳಗೆ ಹೋಗುತ್ತದೆ. ನವರಾತ್ರಿಗೆ ಹೊರತೆಗೆಯಿರಿ. ಗಾಳಿಯಾಡದ ಡಬ್ಬಿ ಎತ್ತಿಡಲು ಮಾತ್ರ. ಉಳಿದ ತಿಂಗಳುಗಳಲ್ಲಿ ಮಿಟ್ ಹತ್ತಿ ಚೀಲದಲ್ಲಿ ಅಥವಾ ಮೊಳೆಯ ಮೇಲೆ ಗಾಳಿಗೆ ಇರಲಿ. ಕಾರಿನ ಡಿಕ್ಕಿಯಲ್ಲಿ ಬೇಡ.

ಹುಳದ ಬಗ್ಗೆ ಎಚ್ಚರ. ಉಣ್ಣೆ ತಿನ್ನುವ ಪತಂಗದ ಮರಿಹುಳಕ್ಕೆ ಕೆರಾಟಿನ್ನೇ ಊಟ. ಬೆವರು, ಕೊಳೆ ಇದ್ದ ಉಣ್ಣೆಯನ್ನು ಅದು ಮೊದಲು ಹುಡುಕುತ್ತದೆ. ಡಬ್ಬಿಯಲ್ಲಿ ಎರಡು ನುಸಿಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಇಡಬಹುದು, ಮಕ್ಕಳ ಕೈಗೆ ಸಿಗದಂತೆ. ಈಗಾಗಲೇ ಹುಳ ಕಂಡಿದ್ದರೆ ಮಿಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ. ಅಡುಗೆಮನೆಯ ಒಪ್ಪಿಗೆ ತೆಗೆದುಕೊಳ್ಳುವ ಜವಾಬ್ದಾರಿ ನಿಮ್ಮದು.

ತೊಂದರೆ ಬಂದಾಗ

ತುದಿಯಲ್ಲಿ ಸಣ್ಣ ಗಂಟುಗಳಾಗಿದ್ದರೆ ನಾಯಿ ಬಾಚುವ ತಂತಿ ಬ್ರಶ್ ತನ್ನಿ. ಒಣಗಿದ ಮೇಲೆ ಸ್ವಲ್ಪ ಸ್ವಲ್ಪವೇ ಬಿಡಿಸಿ. ಬಿಡದ ಗಂಟನ್ನು ಕತ್ತರಿಯಲ್ಲಿ ತೆಗೆದುಬಿಡಿ. ಬುಡದವರೆಗೂ ಚಾಪೆಯಾಗಿದ್ದರೆ ಕಷ್ಟಪಡಬೇಡಿ, ಅದು ಮುಗಿದ ಕಥೆ.

ಮುಗ್ಗಲು ವಾಸನೆಗೆ ಐದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ನೆನೆಸಿ, ಜಾಲಾಡಿ, ಸರಿಯಾಗಿ ಒಣಗಿಸಿ. ವಿನೆಗರ್ ವಾಸನೆ ಒಣಗಿದಂತೆ ಹೋಗುತ್ತದೆ.

ಬಿಳಿ ಪುಡಿಯಂಥ ಬೂಷ್ಟಾದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಬ್ರಶ್ ಮಾಡಿ, ಎಳೆಬಿಸಿಲು ತೋರಿಸಿ, ನಂತರ ವಿನೆಗರ್ ನೀರು. ಚರ್ಮದ ಬೆನ್ನಿನಲ್ಲಿ ಕಪ್ಪು ಚುಕ್ಕೆ ಇಳಿದಿದ್ದರೆ ಅದು ಒಳಗೇ ಬೆಳೆದಿದೆ. ಅಂಥದ್ದರ ಒಳಗೆ ಕೈ ಹಾಕುವುದು ನನಗಂತೂ ಬೇಡ.

ಟಾರು, ಹಲಸಿನ ಮೇಣ, ಗೇರು ಸೊನೆ: ಇವನ್ನು ಕಾರಿನಿಂದ ತೆಗೆಯಲು ಮಿಟ್ ಬಳಸಲೇಬಾರದು. ಹತ್ತಿಬಿಟ್ಟಿದ್ದರೆ ಟಾರಿಗೆ ತೆಂಗಿನೆಣ್ಣೆ ಹಚ್ಚಿ ಮೆತ್ತಗೆ ಮಾಡಿ, ಬಟ್ಟೆಯಲ್ಲಿ ಚಿವುಟಿ ತೆಗೆದು, ಎಣ್ಣೆಯನ್ನು ಎರಡು ಹನಿ ಪಾತ್ರೆ ದ್ರವದಲ್ಲಿ ತೊಳೆಯಿರಿ. ಮೇಣಕ್ಕೆ ಕತ್ತರಿಯೇ ಗತಿ.

ಯಾವಾಗ ಕಾರಿನಿಂದ ದೂರ ಇಡಬೇಕು

ಚೆನ್ನಾಗಿ ಒಗೆದು ಒಣಗಿಸಿದ ಮಿಟ್ಟನ್ನು ಬಿಳಿ ಕಾಗದದ ಮೇಲೆ ತಟ್ಟಿ. ಕಾಗದವನ್ನು ಮಡಚಿ ಬೆರಳಲ್ಲಿ ಉಜ್ಜಿದಾಗ ಕರಕರ ಅಂದರೆ ಇನ್ನೊಮ್ಮೆ ಒಗೆಯಿರಿ. ಎರಡನೇ ಸಲವೂ ಅಂದರೆ ಆ ಮಿಟ್ ಬಣ್ಣದ ಮೇಲೆ ಹೋಗಬಾರದು. ಹೊಲಿಗೆ ಬಿಟ್ಟು ಗಟ್ಟಿ ಅಂಚು ಹೊರಗೆ ಬಂದಿದ್ದರೆ, ಉಣ್ಣೆ ಬೋಳಾಗಿ ಬೆನ್ನು ಕಾಣುತ್ತಿದ್ದರೆ, ಚರ್ಮ ಸೀಳಿದ್ದರೆ ಆಗಲೂ ಹಾಗೇ. ಅದನ್ನು ಚಕ್ರಕ್ಕೆ, ಬಾಗಿಲಿನ ಸಂದಿಗೆ, ಮಡ್‌ಗಾರ್ಡ್ ಒಳಗೆ ಬಳಸಬಹುದು. ಬಾಯಿಯ ಇಲಾಸ್ಟಿಕ್ ಕತ್ತರಿಸಿ ಹಾಕಿ ಅಥವಾ ಕೆಂಪು ದಾರದಲ್ಲಿ ಒಂದು ಗುರುತು ಹೊಲಿಯಿರಿ. ಮನೆಯಲ್ಲಿ ಬೇರೆ ಯಾರಾದರೂ ಕಾರು ತೊಳೆಯಲು ಇಳಿದಾಗ ಚಕ್ರದ ಮಿಟ್ ಬಾನೆಟ್ ಹತ್ತದಿರಲು ಇದೊಂದೇ ದಾರಿ.